ಮನಸ್ಸು ಕೈಕೊಟ್ಟಾಗ ರಜೆ ಹಾಕುವುದು ಹೇಗೆ? ಡಾಕ್ಟರ್ ಚೀಟಿಯಿಂದ ವಾಪಸ್ ಡ್ಯೂಟಿಯವರೆಗೆ

"ಸಾರ್, ಆಫೀಸ್ ಟೆನ್ಶನ್‌ನಿಂದ ನಿದ್ದೆ ಬರ್ತಿಲ್ಲ, ಎದೆ ಡವಡವ ಅನ್ನುತ್ತೆ. ಒಂದು ತಿಂಗಳು ರಜೆ ಬೇಕು. ಏನಂತ ಬರೆದು ಕೇಳಲಿ? ಕೆಲಸ ಹೋಗುತ್ತಾ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರಲ್ಲ, ವಕೀಲನೂ ಅಲ್ಲ. ಬೆಂಗಳೂರಿನ ಕಂಪನಿಗಳಲ್ಲಿ ಹನ್ನೊಂದು ವರ್ಷ ರಜೆ, ಹಾಜರಾತಿ, ಸಂಬಳದ ಲೆಕ್ಕ ನೋಡಿಕೊಂಡವನು. ನಿಮ್ಮ ರಜೆ ಅರ್ಜಿ ಬಂದು ಬೀಳುತ್ತಲ್ಲ, ಆ ಟೇಬಲ್ಲಿನ ಆಚೆ ಕೂತಿದ್ದವನು.

ಅಲ್ಲಿಂದ ಕಂಡ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಮಯದಲ್ಲಿ ಕೆಲಸ ಕಳೆದುಕೊಂಡವರಲ್ಲಿ ಹೆಚ್ಚಿನವರು ಮಾಡಿದ್ದು ಒಂದೇ ತಪ್ಪು. ಮೊದಲು ಆಫೀಸಿಗೆ ಹೋಗುವುದು ನಿಲ್ಲಿಸಿದರು, ಆಮೇಲೆ ಫೋನ್ ಆಫ್ ಮಾಡಿದರು, ಎರಡು ವಾರ ಬಿಟ್ಟು ಮನೆಯವರ ಒತ್ತಾಯಕ್ಕೆ ಡಾಕ್ಟರ ಹತ್ತಿರ ಹೋದರು. ಅಷ್ಟರಲ್ಲಿ ಊರಿನ ವಿಳಾಸಕ್ಕೆ ನೋಟಿಸ್ ಬಂದಾಗಿತ್ತು. ಇದನ್ನೇ ತಿರುಗಿಸಿ ಹಾಕಿ. ಮೊದಲು ಡಾಕ್ಟರು, ಆಮೇಲೆ ಮೇಲ್, ಆಮೇಲೆ ರಜೆ. ರಾಜೀನಾಮೆಯ ಯೋಚನೆ ಇದ್ದರೆ ಅದು ಇವೆಲ್ಲ ಮುಗಿದ ಮೇಲೆ.

ಒಂದು ವಿಷಯಕ್ಕೆ ಮಾತ್ರ ಈ ಕ್ರಮ ಬೇಡ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ರಜೆ, ಚೀಟಿ, ಮೇಲ್ ಎಲ್ಲ ಪಕ್ಕಕ್ಕಿಡಿ. ಈಗಲೇ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಲ್ಲವೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಒಬ್ಬರೇ ಹೋಗಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ.

1. ಇದು ಬರೀ ಸುಸ್ತೋ, ಕಾಯಿಲೆಯೋ ನೋಡಿಕೊಳ್ಳಿ

ಆಡಿಟ್ ಸಮಯದಲ್ಲಿ, ರಿಲೀಸ್ ವಾರದಲ್ಲಿ, ಮಾರ್ಚ್ ಕೊನೆಯಲ್ಲಿ ಎಲ್ಲರಿಗೂ ತಲೆ ಬಿಸಿಯಾಗುತ್ತದೆ. ಕೆಲಸ ಮುಗಿದು ಎರಡು ದಿನ ಚೆನ್ನಾಗಿ ಮಲಗಿದರೆ ಸರಿಹೋಗುತ್ತದೆ. ಹಾಗೆ ಸರಿಹೋಗದೆ ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ದಿನವೂ, ನಿದ್ದೆ ಕೆಟ್ಟಿದೆ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಸಣ್ಣಪುಟ್ಟದಕ್ಕೂ ಅಳು ಬರುತ್ತದೆ ಅಂದರೆ ಡಾಕ್ಟರನ್ನು ನೋಡುವ ಹೊತ್ತು ಬಂದಿದೆ. ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ, ಒಳಗೆ ಹೋಗಲು ಕಾಲೇ ಬಾರದೆ ಇಪ್ಪತ್ತು ನಿಮಿಷ ಹಾಗೇ ಕೂತಿರುತ್ತೇನೆ ಅಂತ ಹಲವರು ಹೇಳಿದ್ದಾರೆ. ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ.

ಇಲ್ಲಿ ಒಂದು ಪದದ ಗೊಂದಲ ಇದೆ. ಎಲ್ಲರೂ 'ಬರ್ನ್‌ಔಟ್' ಅನ್ನುತ್ತಾರೆ, ಅಂದರೆ ಕೆಲಸದ ಒತ್ತಡದಲ್ಲಿ ಪೂರ್ತಿ ಬಸವಳಿದು ಹೋಗುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸಕ್ಕೆ ಸಂಬಂಧಿಸಿದ ಒಂದು ಸ್ಥಿತಿ ಅಂತ ವಿವರಿಸಿತು, ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ. ಹಾಗಾಗಿ ರಜೆ ಅರ್ಜಿಯಲ್ಲಿ 'ನನಗೆ ಬರ್ನ್‌ಔಟ್ ಆಗಿದೆ' ಅಂತ ನೀವೇ ಬರೆದರೆ ಅದಕ್ಕೆ ಬೆಲೆ ಕಮ್ಮಿ. ನಿಮಗಿರುವುದು ಖಿನ್ನತೆಯೋ, ಆತಂಕದ ಕಾಯಿಲೆಯೋ, ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳಲಾಗದ ಒತ್ತಡವೋ ಅನ್ನುವುದನ್ನು ಡಾಕ್ಟರು ನೋಡಿ ಹೇಳಬೇಕು.

2. ಸರಿಯಾದ ಡಾಕ್ಟರ ಹತ್ತಿರ ಹೋಗಿ

ಯಾರು ಯಾರು ಅಂತ ಮೊದಲು ತಿಳಿದುಕೊಳ್ಳಿ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಕೀಯ ಕಲಿತ ಡಾಕ್ಟರು. ಔಷಧಿ ಬರೆಯಬಹುದು, ಮೆಡಿಕಲ್ ಸರ್ಟಿಫಿಕೇಟ್ ಕೊಡಬಹುದು. ಸೈಕಾಲಜಿಸ್ಟ್ ಮತ್ತು ಕೌನ್ಸೆಲರ್ ಮಾತಿನ ಚಿಕಿತ್ಸೆ ಕೊಡುವವರು. ಅವರು ಬಹಳ ಉಪಯೋಗಕ್ಕೆ ಬರುತ್ತಾರೆ, ಆದರೆ ರಜೆಗೆ ಬೇಕಾದ ಮೆಡಿಕಲ್ ಸರ್ಟಿಫಿಕೇಟ್ ಅವರಿಂದ ನಡೆಯುವುದಿಲ್ಲ. ಎಷ್ಟೋ ಜನ ಕೌನ್ಸೆಲರ್ ಪತ್ರ ತಂದು ಕೊಟ್ಟು, ನಾವು ವಾಪಸ್ ಕಳಿಸಿ, ಸುಮ್ನೆ ಒಂದು ವಾರ ಹಾಳಾಗಿದೆ.

ಸೈಕಿಯಾಟ್ರಿಸ್ಟ್ ಅಂದ ಕೂಡಲೇ ಹೆದರಿಕೆ ಆದರೆ ನಿಮ್ಮ ಮಾಮೂಲಿ ಫ್ಯಾಮಿಲಿ ಡಾಕ್ಟರ ಹತ್ತಿರವೇ ಶುರು ಮಾಡಿ. ಮೊದಲ ಒಂದು ವಾರಕ್ಕೆ ಅವರ ಚೀಟಿ ಸಾಕಾಗುತ್ತದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಇಂಥ ರಕ್ತ ಪರೀಕ್ಷೆ ಬೇಕಾ ಅಂತಲೂ ಕೇಳಿ. ಇವು ಏರುಪೇರಾದರೂ ಇದೇ ಥರ ಸುಸ್ತು, ಬೇಜಾರು ಕಾಣಿಸಿಕೊಳ್ಳಬಹುದು.

ಎಲ್ಲಿಗೆ ಹೋಗುವುದು? ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಖರ್ಚು ಕಮ್ಮಿ, ಜನ ಜಾಸ್ತಿ, ಅದಕ್ಕೆ ಬೆಳಿಗ್ಗೆ ಬೇಗ ಹೋಗಿ. ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಯೋಗಕ್ಷೇಮ ಕೇಂದ್ರ ಇದೆ, ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ ಅದು ಒಳ್ಳೆಯದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ. ಉಳಿದವರಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ. ತಾಲೂಕು ಆಸ್ಪತ್ರೆಗಳಿಗೂ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ.

ಡಾಕ್ಟರ ಮುಂದೆ "ರಜೆಗೆ ಒಂದು ಚೀಟಿ ಬೇಕಿತ್ತು" ಅಂತ ಮಾತು ಶುರು ಮಾಡಬೇಡಿ. ನಿದ್ದೆ ಎಷ್ಟು ಗಂಟೆ, ಯಾವಾಗಿನಿಂದ ಹೀಗೆ, ಕೆಲಸದಲ್ಲಿ ಏನು ತಪ್ಪಾಗುತ್ತಿದೆ, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಕೂತಾಗ ಅರ್ಧ ಮರೆತುಹೋಗುತ್ತದೆ.

3. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಓದಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಎಲ್ಲರೂ ಮಡಚಿ ಜೇಬಿಗೆ ಹಾಕಿಕೊಂಡು ಬರುವ ಹಂತವೂ ಇದೇ. ಕ್ಲಿನಿಕ್ ಬಿಡುವ ಮುಂಚೆ ನೋಡಬೇಕಾದ್ದು ಇಷ್ಟು: ನಿಮ್ಮ ಹೆಸರು ಆಫೀಸ್ ದಾಖಲೆಯಲ್ಲಿ ಇರುವ ಹಾಗೇ ಇದೆಯಾ, ನಿಮ್ಮನ್ನು ಪರೀಕ್ಷಿಸಿದ ತಾರೀಕು ಇದೆಯಾ, ಯಾವತ್ತಿಂದ ಯಾವತ್ತಿನವರೆಗೆ ವಿಶ್ರಾಂತಿ ಅಂತ ಎರಡೂ ತಾರೀಕು ಇದೆಯಾ, ಸಹಿ, ಸೀಲು, ಸೀಲಿನಲ್ಲಿ ರಿಜಿಸ್ಟ್ರೇಷನ್ ನಂಬರ್ ಇದೆಯಾ. ಬರೀ 'ವಿಶ್ರಾಂತಿ ಬೇಕು' ಅಂತಿದ್ದರೆ ಎಷ್ಟು ದಿನ ಅಂತ ಅಲ್ಲೇ ಬರೆಸಿಕೊಳ್ಳಿ.

ಒಂದು ಸರ್ಟಿಫಿಕೇಟ್ ನನಗಿನ್ನೂ ನೆನಪಿದೆ. ಡಾಕ್ಟರ ಸಹಿ ನೀಲಿ ಇಂಕು, ತಾರೀಕು ಮಾತ್ರ ಕಪ್ಪು ಇಂಕು, '2'ನ್ನು '12' ಮಾಡಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಹುಡುಗನಿಗೆ ನಿಜವಾಗಿಯೂ ಹುಷಾರಿರಲಿಲ್ಲ. ಇನ್ನೊಂದು ಸಲ ಡಾಕ್ಟರ ಹತ್ತಿರ ಹೋಗಿದ್ದರೆ ಹತ್ತು ದಿನ ಕಾನೂನುಬದ್ಧವಾಗಿಯೇ ಸಿಗುತ್ತಿತ್ತು. ತಿದ್ದಿದ ಒಂದು ಅಂಕಿಯಿಂದ ವಿಚಾರಣೆ ಆಯಿತು.

ಇದೇ ಸಾಲಿಗೆ ಸೇರಿದ್ದು ಎರಡು. ಹಿಂದಿನ ತಾರೀಕು ಹಾಕಿ ಕೊಡಿ ಅಂತ ಡಾಕ್ಟರನ್ನು ಕೇಳಬೇಡಿ. ಸುಳ್ಳು ಸರ್ಟಿಫಿಕೇಟ್ ಕೊಡುವುದು ಅವರ ಪಾಲಿಗೂ ವೃತ್ತಿ ಅಪರಾಧ, ಕೊಟ್ಟ ಸರ್ಟಿಫಿಕೇಟ್‌ಗಳ ರಿಜಿಸ್ಟರ್ ಕೂಡ ಅವರು ಇಡಬೇಕು. ಎರಡನೆಯದು, ಹತ್ತು ನಿಮಿಷದಲ್ಲಿ ಸರ್ಟಿಫಿಕೇಟ್ ಕಳಿಸುತ್ತೇವೆ ಅನ್ನುವ ಆನ್‌ಲೈನ್ ಜಾಗಗಳು. ವಿಡಿಯೋದಲ್ಲಿ ಡಾಕ್ಟರನ್ನು ನೋಡುವುದು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಸರಿಯಾದ್ದೇ. ಮಾತೇ ಆಡದೆ ದುಡ್ಡು ತೆಗೆದುಕೊಂಡು ಪಿಡಿಎಫ್ ಕಳಿಸುವುದು ಬೇರೆ ವ್ಯವಹಾರ, ಅದರ ಹತ್ತಿರ ಹೋಗಬೇಡಿ.

ಕಾಯಿಲೆ ಹೆಸರು ಬರೆಸಬೇಕಾ? ಖಾಸಗಿ ಕಂಪನಿಗಳಲ್ಲಿ ಬಹಳಷ್ಟು ಕಡೆ 'ನನ್ನ ಚಿಕಿತ್ಸೆಯಲ್ಲಿದ್ದಾರೆ, ಇಂತಿಷ್ಟು ದಿನ ವಿಶ್ರಾಂತಿ ಬೇಕು' ಅಂದರೆ ನಡೆಯುತ್ತದೆ. ನಿಮಗೆ ಹೆಸರು ಬೇಡ ಅನ್ನಿಸಿದರೆ ಡಾಕ್ಟರಿಗೆ ಹೇಳಿ. ಸರ್ಕಾರಿ ನಮೂನೆಯಲ್ಲಿ ಕಾಯಿಲೆಯ ಕಾಲಂ ಇರುತ್ತದೆ, ಇಎಸ್‌ಐನಲ್ಲೂ, ಅಂದರೆ ಕಮ್ಮಿ ಸಂಬಳದ ನೌಕರರ ಸರ್ಕಾರಿ ವಿಮೆಯಲ್ಲೂ, ದಾಖಲಾಗುತ್ತದೆ. ಹಾಗಂತ ಹೊಟ್ಟೆನೋವು, ಟೈಫಾಯ್ಡ್ ಅಂತ ಸುಳ್ಳು ಬರೆಸಬೇಡಿ. ರಜೆ ಮುಂದುವರಿಸಬೇಕಾದಾಗ ಆ ಟೈಫಾಯ್ಡ್ ನಿಮಗೇ ತಿರುಗಿ ಬೀಳುತ್ತದೆ.

4. ಯಾವ ರಜೆ ಸಿಗುತ್ತದೆ ಅಂತ ಲೆಕ್ಕ ಹಾಕಿ

ನಮ್ಮಲ್ಲಿ 'ಮಾನಸಿಕ ಆರೋಗ್ಯ ರಜೆ' ಅಂತ ಬೇರೆ ರಜೆಯನ್ನು ಕಾನೂನು ಕೊಟ್ಟಿಲ್ಲ. ಕೆಲವು ಕಂಪನಿಗಳು ತಾವಾಗಿ ಕೊಡುತ್ತವೆ. ಉಳಿದವರು ಇರುವ ರಜೆಗಳನ್ನೇ ಜೋಡಿಸಿಕೊಳ್ಳಬೇಕು.

ಅಂಗಡಿ, ಐಟಿ, ಖಾಸಗಿ ಆಫೀಸಿನವರು: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ಸಿಕ್ ಲೀವ್ ಇದೆ. ಯಾವುದೇ ಕಾಯಿಲೆ ಅಂತ ಅದರಲ್ಲಿರುವುದು, ದೇಹದ್ದು ಮನಸ್ಸಿನದು ಅಂತ ಭೇದ ಇಲ್ಲ. ಇದಲ್ಲದೆ ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ಗಳಿಕೆ ರಜೆ (ಅರ್ನ್ಡ್ ಲೀವ್). ಎರಡೂ ಮುಗಿದ ಮೇಲೆ ಎಲ್‌ಒಪಿ, ಅಂದರೆ ಸಂಬಳ ಇಲ್ಲದ ರಜೆ. 30 ಸಾವಿರ ಸಂಬಳದವರಿಗೆ ಹತ್ತು ದಿನ ಎಲ್‌ಒಪಿ ಆದರೆ ಸುಮಾರು 10 ಸಾವಿರ ಹೋಯಿತು, ಆ ದಿನಗಳ ಪಿಎಫ್ ಕೂಡ ಕಟ್ಟುವುದಿಲ್ಲ. ಮನೆ ಬಾಡಿಗೆ, ಇಎಂಐ ಇದ್ದರೆ ಈಗಲೇ ಕೂಡಿಸಿ ಕಳೆದು ನೋಡಿ. ರಜೆಯಲ್ಲಿದ್ದಾಗ ಬ್ಯಾಂಕಿನ ಫೋನ್ ಬಂದರೆ ಇರುವ ನೆಮ್ಮದಿಯೂ ಹೋಗುತ್ತದೆ.

'ಸ್ಯಾಂಡ್‌ವಿಚ್ ರೂಲ್' ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಿ. ಶುಕ್ರವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಶನಿವಾರ, ಭಾನುವಾರವನ್ನೂ ರಜೆ ಅಂತಲೇ ಕತ್ತರಿಸುವ ಪದ್ಧತಿ. ಎಲ್ಲ ಕಡೆ ಇಲ್ಲ, ಇರುವ ಕಡೆ ಮೂರು ವಾರದ ರಜೆಗೆ ನಾಲ್ಕರಿಂದ ಆರು ದಿನ ಹೆಚ್ಚಿಗೆ ಹೋಗುತ್ತದೆ.

ಇಎಸ್‌ಐ ಇರುವವರು: ತಿಂಗಳ ಸಂಬಳ 21,000 ರೂಪಾಯಿ ಒಳಗಿರುವವರು, ಅಂದರೆ ಗಾರ್ಮೆಂಟ್ಸ್, ಸಣ್ಣ ಫ್ಯಾಕ್ಟರಿ, ಹೋಟೆಲ್, ಸೆಕ್ಯುರಿಟಿ ಕೆಲಸದ ಎಷ್ಟೋ ಜನ. ನಿಮ್ಮ ಪೇ ಸ್ಲಿಪ್‌ನಲ್ಲಿ ಶೇ 0.75 ಇಎಸ್‌ಐಗೆ ಕಡಿತವಾಗುತ್ತಿದೆಯಾ ನೋಡಿ. ಆಗುತ್ತಿದ್ದರೆ, ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ (ಇಎಸ್‌ಐಗೆ ಕಟ್ಟುವ ಈ ದುಡ್ಡು) ಇದ್ದರೆ, ಕಾಯಿಲೆ ರಜೆಗೆ ಸರಾಸರಿ ದಿನಗೂಲಿಯ ಶೇ 70ರಷ್ಟು ದುಡ್ಡು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ದಿನಕ್ಕೆ 500 ರೂಪಾಯಿ ಅಂತ ಲೆಕ್ಕವಾದರೆ 350. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಸೈಕೋಸಿಸ್, ಅಂದರೆ ವಾಸ್ತವದ ಅರಿವೇ ತಪ್ಪುವ ಗುಂಪಿನ ತೀವ್ರ ಮಾನಸಿಕ ಕಾಯಿಲೆಗಳಿಗೆ ದೀರ್ಘ ಕಾಯಿಲೆ ಸೌಲಭ್ಯವೂ ಇದೆ, ಶೇ 80ರಷ್ಟು, ಎರಡು ವರ್ಷದವರೆಗೆ. ಅದಕ್ಕೆ ಎರಡು ವರ್ಷ ಸತತ ಕೆಲಸ ಮಾಡಿರಬೇಕು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಖಾಸಗಿ ಕ್ಲಿನಿಕ್‌ನಲ್ಲಿ ತೋರಿಸಿ ಅಲ್ಲಿನ ಸರ್ಟಿಫಿಕೇಟ್ ಹಿಡಿದು ತಿಂಗಳ ಕೊನೆಗೆ ಇಎಸ್‌ಐ ಆಫೀಸಿಗೆ ಹೋಗುತ್ತಾರೆ, ಅಲೆದಾಟ ಶುರುವಾಗುತ್ತದೆ. ಮೊದಲ ದಿನವೇ ನಿಮ್ಮ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಅಲ್ಲಿಯ ಡಾಕ್ಟರಿಂದಲೇ ಸರ್ಟಿಫಿಕೇಟ್ ಮಾಡಿಸಿ, ಅಲ್ಲಿಂದಲೇ ದೊಡ್ಡ ಆಸ್ಪತ್ರೆಗೆ ರೆಫರ್ ಮಾಡಿಸಿಕೊಳ್ಳಿ. ದುಡ್ಡು ಬರುವುದು ಬ್ಯಾಂಕ್ ಖಾತೆಗೆ, ಅದು ಇಎಸ್‌ಐ ಜೊತೆ ಜೋಡಣೆ ಆಗಿದೆಯಾ ಅಂತಲೂ ನೋಡಿ.

ರಾಜ್ಯ ಸರ್ಕಾರಿ ನೌಕರರು: ನಿಮ್ಮ ಸ್ಥಿತಿ ಇದ್ದುದರಲ್ಲಿ ಚೆನ್ನಾಗಿದೆ. ವರ್ಷಕ್ಕೆ 30 ಗಳಿಕೆ ರಜೆ, 20 ಅರ್ಧ ವೇತನ ರಜೆ. ಮೆಡಿಕಲ್ ಸರ್ಟಿಫಿಕೇಟ್ ಇದ್ದರೆ ಅರ್ಧ ವೇತನ ರಜೆಯನ್ನು ಪರಿವರ್ತಿತ ರಜೆಯಾಗಿ ತೆಗೆದುಕೊಳ್ಳಬಹುದು. ಪೂರ್ತಿ ಸಂಬಳ ಬರುತ್ತದೆ, ಖಾತೆಯಿಂದ ಎರಡರಷ್ಟು ದಿನ ಹೋಗುತ್ತದೆ, 20 ದಿನ ತೆಗೆದುಕೊಂಡರೆ 40. ನಿವೃತ್ತಿಯಲ್ಲಿ ನಗದಾಗುವ ಗಳಿಕೆ ರಜೆಯನ್ನು ಉಳಿಸಿಕೊಳ್ಳಬೇಕೆಂದರೆ ಇದನ್ನು ಮೊದಲು ಕೇಳಿ.

5. ಮೇಲ್ ಬರೆಯಿರಿ, ಚಿಕ್ಕದಾಗಿ

ರಾತ್ರಿ ಎರಡು ಗಂಟೆಗೆ ಕೂತು ಮ್ಯಾನೇಜರ್ ಮಾಡಿದ ಅನ್ಯಾಯವನ್ನೆಲ್ಲ ಎರಡು ಪುಟ ಬರೆದು ಕಳಿಸಿದವರನ್ನು ನೋಡಿದ್ದೇನೆ. ದೂರು ಇದ್ದರೆ ಅದು ಬೇರೆ ಪತ್ರ, ಬೇರೆ ದಿನ. ರಜೆಯ ಮೇಲ್ ಇಷ್ಟೇ ಇರಲಿ:

"ವಿಷಯ: ವೈದ್ಯಕೀಯ ರಜೆ, ಮಾರ್ಚ್ 3ರಿಂದ 23ರವರೆಗೆ. ನಮಸ್ಕಾರ, ಆರೋಗ್ಯ ಸರಿಯಿಲ್ಲದೆ ವೈದ್ಯರ ಚಿಕಿತ್ಸೆಯಲ್ಲಿದ್ದೇನೆ. ಮೂರು ವಾರ ವಿಶ್ರಾಂತಿ ಬೇಕೆಂದು ಹೇಳಿದ್ದಾರೆ, ಸರ್ಟಿಫಿಕೇಟ್ ಲಗತ್ತಿಸಿದ್ದೇನೆ. ಮೊದಲು ಸಿಕ್ ಲೀವ್, ಉಳಿದದ್ದಕ್ಕೆ ಗಳಿಕೆ ರಜೆ ಬಳಸಲು ಕೋರುತ್ತೇನೆ. ಬಾಕಿ ಕೆಲಸದ ಪಟ್ಟಿ ಕೆಳಗಿದೆ. ತುರ್ತಿದ್ದರೆ ಈ ಮೇಲ್‌ಗೆ ಬರೆಯಿರಿ."

ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರಿಗೂ ಕಳಿಸಿ, ನಿಮ್ಮ ಸ್ವಂತ ಮೇಲ್‌ಗೂ ಒಂದು ಪ್ರತಿ ಇರಲಿ. ಕಂಪನಿ ಲ್ಯಾಪ್‌ಟಾಪ್ ವಾಪಸ್ ಕೊಟ್ಟರೆ ಅಲ್ಲಿರುವ ಮೇಲ್ ನಿಮ್ಮ ಕೈಯಲ್ಲಿರುವುದಿಲ್ಲ. "ಫೋನಲ್ಲಿ ಹೇಳಿದ್ದೆ, ಅವರು ಸರಿ ಅಂದಿದ್ರು" ಅನ್ನುವುದು ಆಮೇಲೆ ಸಾಕ್ಷಿಯಾಗುವುದಿಲ್ಲ. ಫೋನಲ್ಲಿ ಮಾತಾಡಿದರೂ "ಈಗ ಮಾತಾಡಿದ ಹಾಗೆ" ಅಂತ ಒಂದು ಸಾಲು ಬರೆದು ಹಾಕಿ. ರಜೆ ಆ್ಯಪ್ ಇದ್ದರೆ ಅದರಲ್ಲೂ ಅರ್ಜಿ ಹಾಕಬೇಕು. ಮೇಲ್ ಮಾಡಿ ಆ್ಯಪ್ ಮರೆತವರ ಹಾಜರಾತಿಯಲ್ಲಿ 'ಗೈರು' ಅಂತ ಬಿದ್ದು ಸಂಬಳ ಕಟ್ ಆಗುತ್ತದೆ.

6. ರಜೆಯಲ್ಲಿದ್ದಾಗ

ಔಷಧಿ ಶುರುವಾಗಿದ್ದರೆ ಒಂದು ವಿಷಯ ಗೊತ್ತಿರಲಿ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಮೊದಮೊದಲು ವಾಕರಿಕೆ, ಮಂಪರು ಬರಬಹುದು. ಮೂರು ದಿನ ರಜೆ ಹಾಕಿ, ಮಾತ್ರೆ ನುಂಗಿ, ಗುಣವಾಗಲಿಲ್ಲ ಅಂತ ಬಿಟ್ಟವರು ಬಹಳ. ಅದಕ್ಕೇ ಎಷ್ಟು ದಿನ ರಜೆ ಬೇಕು ಅಂತ ಡಾಕ್ಟರ ಜೊತೆ ಮಾತಾಡುವಾಗ ಮಾತ್ರೆಯ ಲೆಕ್ಕವನ್ನೂ ಕೇಳಿ. ತಾವಾಗಿ ಥಟ್ಟನೆ ನಿಲ್ಲಿಸಬೇಡಿ. ಮಷೀನ್ ಮುಂದೆ ನಿಲ್ಲುವವರು, ಗಾಡಿ ಓಡಿಸುವವರು ಮಂಪರಿನ ಬಗ್ಗೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ರಜೆ ಮುಂದುವರಿಸಬೇಕಾದರೆ ಕೊನೆಯ ದಿನಕ್ಕಿಂತ ಎರಡು ಮೂರು ದಿನ ಮುಂಚೆಯೇ ಹೊಸ ಸರ್ಟಿಫಿಕೇಟ್ ಕಳಿಸಿ. ರಜೆ ಮುಗಿದೂ ಸುದ್ದಿಯಿಲ್ಲ ಅಂದರೆ ಕಂಪನಿ 'ಅಬ್‌ಸ್ಕಾಂಡಿಂಗ್' ಅಂತ ಬರೆದುಕೊಳ್ಳುತ್ತದೆ, ಹೇಳದೆ ಕೇಳದೆ ಓಡಿಹೋದವರು ಅಂತ. ಕೆಲವು ಕಡೆ ಮೂರು ದಿನಕ್ಕೇ ಪತ್ರ ಹೊರಡುತ್ತದೆ. ಹಾಗೊಂದು ಪತ್ರ ಬಂದರೆ ತೆಗೆದು ನೋಡಲು ಹೆದರಿಕೆ ಆಗುತ್ತದೆ, ನಿಜ. ಅಕ್ಕನಿಗೋ ಸ್ನೇಹಿತನಿಗೋ ಕೊಟ್ಟು ಓದಿಸಿ, ಅವತ್ತೇ ಸರ್ಟಿಫಿಕೇಟ್ ಸಮೇತ ಉತ್ತರ ಕೊಡಿ.

ಇನ್ನು ಊರಿಗೆ ಹೋಗಬಹುದಾ, ಮದುವೆಗೆ ಹೋಗಬಹುದಾ ಅಂತ ಕೇಳುತ್ತಾರೆ. ಹೋಗಿ. ಫೋಟೋ ಮಾತ್ರ ಸ್ಟೇಟಸ್‌ಗೆ ಹಾಕಬೇಡಿ. ಆಫೀಸಿನವರು ಎಲ್ಲರ ಸ್ಟೇಟಸ್ ನೋಡುತ್ತಾರೆ, ನಾನೂ ನೋಡುತ್ತಿದ್ದೆ.

7. ಇನ್ಶೂರೆನ್ಸ್

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಹಾಗೇ ಮಾನಸಿಕ ಕಾಯಿಲೆಗೂ ಆರೋಗ್ಯ ವಿಮೆ ಕೊಡಬೇಕು. ಹಾಗಾಗಿ ಅಡ್ಮಿಟ್ ಆದರೆ ಕ್ಲೇಮ್ ಹಾಕಬಹುದು. ಸುಮ್ನೆ ಡಾಕ್ಟರನ್ನು ನೋಡಿ ಬರುವ ಫೀಸು ಮತ್ತು ಕೌನ್ಸೆಲಿಂಗ್ ಖರ್ಚು ಬಹಳ ಪಾಲಿಸಿಗಳಲ್ಲಿ ಬರುವುದಿಲ್ಲ. ಮುಂದೆ ಸ್ವಂತ ಪಾಲಿಸಿ ಮಾಡಿಸುವಾಗ ಈ ಚಿಕಿತ್ಸೆಯನ್ನು ಮುಚ್ಚಿಡಬೇಡಿ, ಮುಚ್ಚಿಟ್ಟಿದ್ದೇ ಕಾರಣ ಮಾಡಿ ಕ್ಲೇಮ್ ತಳ್ಳಿಹಾಕುತ್ತಾರೆ.

8. ವಾಪಸ್ ಹೋಗುವುದು

ಡಾಕ್ಟರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಅಂದರೆ ಕೆಲಸಕ್ಕೆ ಹೋಗಬಹುದು ಅನ್ನುವ ಪತ್ರ. ಅದರಲ್ಲೇ 'ಎರಡು ವಾರ ನೈಟ್ ಶಿಫ್ಟ್ ಬೇಡ' ಅಥವಾ 'ಮೊದಲ ವಾರ ಅರ್ಧ ದಿನ' ಅಂತ ಬರೆಸಿಕೊಂಡರೆ ನಿಮ್ಮ ಮಾತಿಗೆ ತೂಕ. ಕಂಪನಿ ಹಾಗೆ ಕೊಡಲೇಬೇಕು ಅನ್ನುವ ಕಡ್ಡಾಯ ಸಾಮಾನ್ಯವಾಗಿ ಇಲ್ಲ, ಆದರೆ ಡಾಕ್ಟರು ಬರೆದಿದ್ದನ್ನು ಲಿಖಿತವಾಗಿ ನಿರಾಕರಿಸಲು ಎಚ್‌ಆರ್‌ಗೂ ಹಿಂಜರಿಕೆ ಇರುತ್ತದೆ. ವಾರದ ಮಧ್ಯೆ, ಬುಧವಾರವೋ ಗುರುವಾರವೋ ಸೇರಿಕೊಳ್ಳಿ. ಎರಡು ಮೂರು ದಿನ ಕೆಲಸ, ಮತ್ತೆ ಎರಡು ದಿನ ಬಿಡುವು ಸಿಗುತ್ತದೆ.

ಎಲ್ಲರೂ "ಏನಾಗಿತ್ತು?" ಅಂತ ಕೇಳುತ್ತಾರೆ. "ಹುಷಾರಿರಲಿಲ್ಲ, ಈಗ ಪರವಾಗಿಲ್ಲ" ಅಂದರೆ ಸಾಕು. ಕಾಫಿ ಮೆಷಿನ್ ಹತ್ತಿರ ಪೂರ್ತಿ ಕಥೆ ಹೇಳುವ ಅಗತ್ಯ ಇಲ್ಲ.

9. ಕಂಪನಿ ತಕರಾರು ಮಾಡಿದರೆ

ನಿಮ್ಮ ಡಾಕ್ಟರಿಗೇ ಫೋನ್ ಮಾಡಿ "ಇವರಿಗೆ ಏನು ಕಾಯಿಲೆ" ಅಂತ ಕೇಳುವ ಮ್ಯಾನೇಜರ್‌ಗಳಿದ್ದಾರೆ. ಅದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು, ನಿಮ್ಮ ಒಪ್ಪಿಗೆ ಇಲ್ಲದೆ ಡಾಕ್ಟರು ಅವರಿಗೆ ಹೇಳುವಂತಿಲ್ಲ. ಸರ್ಟಿಫಿಕೇಟ್ ಅಸಲಿಯಾ ಅಂತ ಕೇಳಿದರೆ ಹೌದು ಅನ್ನಬಹುದು, ಅಷ್ಟೇ.

"ರಾಜೀನಾಮೆ ಕೊಡಿ, ಹುಷಾರಾದ ಮೇಲೆ ನೋಡೋಣ" ಅಂದರೆ ಅವತ್ತು ಯಾವುದಕ್ಕೂ ಸಹಿ ಹಾಕಬೇಡಿ. "ಯೋಚಿಸಿ ಮೇಲ್ ಮಾಡುತ್ತೇನೆ" ಅಂತ ಹೇಳಿ ಎದ್ದು ಬನ್ನಿ. ಇಎಸ್‌ಐ ಕಾಯಿಲೆ ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ದೀರ್ಘಕಾಲದ ಕಾಯಿಲೆ ಇದ್ದು ಶಿಸ್ತುಕ್ರಮ ಶುರುವಾಗಿದ್ದರೆ ವಕೀಲರನ್ನು ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಅಂಗವೈಕಲ್ಯ ಇರುವವರ ಮೇಲೆ ಶಿಸ್ತುಕ್ರಮ ಹೂಡುವುದು ಪರೋಕ್ಷ ತಾರತಮ್ಯದ ಒಂದು ಮುಖ ಅಂತ ಹೇಳಿದೆ. ನಿಮ್ಮ ವಕೀಲರಿಗೆ ಈ ತೀರ್ಪಿನ ವಿಷಯ ಹೇಳಿ. ವಕೀಲರ ಖರ್ಚು ಕಷ್ಟ ಅನ್ನುವವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, ಜಿಲ್ಲಾ ಕೋರ್ಟ್ ಆವರಣದಲ್ಲೇ ಇರುತ್ತದೆ. ಹೋಗುವಾಗ ಸರ್ಟಿಫಿಕೇಟ್, ಮೇಲ್‌ಗಳ ಪ್ರಿಂಟು, ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಆಫರ್ ಲೆಟರ್ ಎಲ್ಲ ಒಂದೇ ಫೈಲಿನಲ್ಲಿ ತಾರೀಕಿನ ಪ್ರಕಾರ ಜೋಡಿಸಿಕೊಂಡು ಹೋಗಿ.